ತಲುಪಿತು ಎಂಬ ಹನ್ನೊಂದು ಚೀಟಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಲಾಂಡ್ರಿಯ ಮೂರನೇ ಇಸ್ತ್ರಿ ರೋಲರಿಗೆ ಸಿಕ್ಕಿ ಹೆಂಗಸೊಬ್ಬಳ ಬಲಗೈಯ ನಾಲ್ಕು ಬೆರಳು ಹೋದವು. ಕೈ ತಾಗಿದ ಕೂಡಲೇ ಯಂತ್ರವನ್ನು ನಿಲ್ಲಿಸಬೇಕಾದ ಗಾರ್ಡು ಪಟ್ಟಿಯನ್ನು ಎಂಟು ತಿಂಗಳ ಹಿಂದೆಯೇ ತಂತಿ ಸುತ್ತಿ ಮೇಲಕ್ಕೆ ಕಟ್ಟಲಾಗಿತ್ತು. ಬುಧವಾರ ಆಫೀಸು ವರದಿ ಬರೆಯಿತು: 'ಕೆಲಸಗಾರಳ ನಿರ್ಲಕ್ಷ್ಯ. ಗಾರ್ಡಿನ ಬಗ್ಗೆ ಈವರೆಗೆ ಯಾವ ದೂರೂ ಬಂದಿಲ್ಲ.' ಗುರುವಾರ, ದೂರುಗಳಿದ್ದ ಕಂಪ್ಯೂಟರಿನ ಮೇಲ್ ಪೆಟ್ಟಿಗೆ ಖಾಲಿಯಾಗಿತ್ತು.

ಆ ದೂರುಗಳನ್ನು ಬರೆದವಳು ಟಪಾಲಕ್ಕ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಲಾಂಡ್ರಿಗೆ ಬರುವ ಮುಂಚೆ ಹನ್ನೆರಡು ವರ್ಷ ಒಂದು ಪಾರ್ಸೆಲ್ ಕೌಂಟರಿನಲ್ಲಿ ಕೂತಿದ್ದವಳು. ತಲುಪಿತು ಎಂಬ ಚೀಟಿ ವಾಪಸು ಬರುವ ತನಕ ಯಾವ ಕಾಗದವೂ ಹೋಯಿತು ಎಂದು ನಂಬದವಳು. ಇಲ್ಲಿ ಅವಳ ಮೇಜು ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬರುವ ಹಾಸು ಹೊದಿಕೆಗಳ ಮೂಟೆಗಳಿಗೆ ಚೀಟಿ ಬರೆಯುವುದು, ಒಗೆದು ಮಡಿಸಿದ್ದನ್ನು ಲೆಕ್ಕ ನೋಡಿ ಕಳಿಸುವುದು, ಅದರ ಇ-ಮೇಲುಗಳನ್ನು ನೋಡುವುದು ಅವಳ ಕೆಲಸ. ಅದರ ಜೊತೆಗೆ ಇನ್ನೊಂದು. ಒಳಗೆ ದುಡಿಯುವವರಿಗೆ ಏನೇ ಕಷ್ಟವಿರಲಿ, ಬಾಯಲ್ಲಿ ಹೇಳುವಂತಿಲ್ಲ, ಟಪಾಲಕ್ಕ ಬರೆಯುವ ಇ-ಮೇಲ್ ಮೂಲಕವೇ ಮ್ಯಾನೇಜರಿಗೆ ಹೋಗಬೇಕು ಎಂದು ಗೋಡೆಗೆ ನಿಯಮ ಅಂಟಿಸಿದ್ದರು. ದೂರು ಕಡಿಮೆಯಾಗಲಿ ಅಂತ ಮಾಡಿದ ನಿಯಮ ಅದು. ಟಪಾಲಕ್ಕ ಅದನ್ನು ಅಕ್ಷರಶಃ ಪಾಲಿಸಿದಳು. ಅದೇ ಆಫೀಸಿನವರಿಗಾದ ತೊಂದರೆ.

ಬೆರಳು ಕಳೆದುಕೊಂಡವಳು ಟಪಾಲಕ್ಕನ ಅತ್ತಿಗೆ. ಅಣ್ಣನ ಹೆಂಡತಿ. 'ಒಳ್ಳೆ ಕೆಲಸ, ನೆರಳಲ್ಲಿ ನಿಂತು ಮಾಡೋದು, ಬಾ' ಎಂದು ಮೂರು ವರ್ಷದ ಹಿಂದೆ ಕೈ ಹಿಡಿದು ಕರೆತಂದವಳು ಇವಳೇ. ಆ ಕೈಯೇ.

ಗುರುವಾರ ಬೆಳಿಗ್ಗೆ ವರದಿಯ ಪ್ರತಿ ಮೇಜಿಗೆ ಬಂದಾಗ ಟಪಾಲಕ್ಕ ಕೂಗಾಡಲಿಲ್ಲ. 'ಯಾವ ದೂರೂ ಬಂದಿಲ್ಲ' ಎಂಬ ಸಾಲನ್ನು ಎರಡು ಸಲ ಓದಿದಳು. ತಾನು ಕಳಿಸಿದ್ದು ಹನ್ನೊಂದು. ಸರಿ, ಮುದ್ರಿಸಿ ಮುಖದ ಮುಂದೆ ಹಿಡಿದರಾಯಿತು ಎಂದುಕೊಂಡು ಮೇಲ್ ತೆರೆದಳು. ಪರದೆಯ ಮೇಲೆ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಕಿಟಕಿಯೊಂದು ಮೂಡಿತು. ಮೌಸಿನ ಬಾಣ ಕಲ್ಲಿನ ಹಾಗೆ ನಿಂತುಬಿಟ್ಟಿತು. ಕಾದಳು, ಕೀಲಿಗಳನ್ನು ಒತ್ತಿದಳು, ಕಡೆಗೆ ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಮೇಲ್ ತೆರೆದುಕೊಂಡಿತು. ಬಂದದ್ದು ಸೊನ್ನೆ. ಹೋದದ್ದು ಸೊನ್ನೆ. ಆರು ವರ್ಷದ ಬರವಣಿಗೆ, ತೊಳೆದ ಹಾಸಿನ ಹಾಗೆ ಬೆಳ್ಳಗೆ.

ಕಂಪ್ಯೂಟರಿನವನು ಬಂದ. ತಿಂಗಳಿಗೊಮ್ಮೆ ಬಂದು ಧೂಳು ಊದಿ ಹೋಗುವ ಮನುಷ್ಯ, ಕೆಟ್ಟವನಲ್ಲ, ಅವಸರದವನು. ಎರಡು ಕಡೆ ಒತ್ತಿದ, ನಾಲಿಗೆ ಲೊಚಗುಟ್ಟಿಸಿದ.

"ಸತ್ತೋಗಿದೆ ಅಕ್ಕಾ. ಹಳೇ ಮೇಲ್ ಎಲ್ಲ ಮರ್ತ್‌ಬಿಡಿ."

"ಸತ್ತಿದೆ ಅಂತ ನಾಡಿ ಹಿಡಿದು ಹೇಳ್ತಿದ್ದೀಯೋ, ಮುಖ ನೋಡಿ ಹೇಳ್ತಿದ್ದೀಯೋ?"

"ಸರ್ವರ್ ಕಡೆ ಪ್ರತಿ ಉಳಿಸೋ ಹಾಗೆ ಇಟ್ಟೇ ಇಲ್ಲ ಇವರು. ಎಲ್ಲ ಇದರೊಳಗೇ ಇಳಿಸ್ಕೊತಿತ್ತು. ಇದು ಹೋದ್ಮೇಲೆ ಹೋಯ್ತು."

ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಅವರಿಗೆ ಒಳಗಿನವರು ಇಟ್ಟ ಹೆಸರು 'ಆಯ್ತಾಯ್ತು ಸಾಹೇಬರು'. ಏನು ಕೇಳಿದರೂ 'ಆಯ್ತಾಯ್ತು' ಅನ್ನುವರು. ಆದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಸಾವಿನ ಸುದ್ದಿ ಕೇಳಿ ಮುಖ ಅರಳುವುದನ್ನು ಟಪಾಲಕ್ಕ ಅವತ್ತೇ ಮೊದಲು ನೋಡಿದ್ದು.

"ಆಯ್ತಾಯ್ತು. ಹೋಗಿದ್ದು ಹೋಯ್ತು. ಎಲ್ಲ ಒರೆಸಿ ಹೊಸದು ಹಾಕ್ಬಿಡಿ."

"ಶನಿವಾರ ಸಾಯಂಕಾಲ ಬರ್ತೀನಿ ಸಾರ್."

"ಬನ್ನಿ ಬನ್ನಿ. ಮಂಗಳವಾರ ಹನ್ನೊಂದಕ್ಕೆ ತನಿಖೆಗೆ ಅಧಿಕಾರಿ ಬರ್ತಾರೆ. ಅಷ್ಟ್ರಲ್ಲಿ ಎಲ್ಲ ಚೊಕ್ಕಟ ಇರ್ಲಿ."

ಸಂಜೆ ಆಸ್ಪತ್ರೆಯಲ್ಲಿ ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಬಿಳಿ ಗಂಟಿನಂತೆ ಮಡಿಲಲ್ಲಿತ್ತು. ಟಪಾಲಕ್ಕ ವರದಿಯ ವಿಷಯ ಮುಚ್ಚಿಡಬೇಕೆಂದುಕೊಂಡೇ ಬಂದಿದ್ದಳು. ಆದರೆ ಅಣ್ಣ ಆಗಲೇ ಬಾಯಿ ಬಿಟ್ಟಿದ್ದ.

"ನಂದೇ ತಪ್ಪು ಅಂತ ಬರೆದ್ರಂತೆ?" ಅತ್ತಿಗೆ ಕೇಳಿದಳು.

"ಹೂಂ."

"ಬೆರಳು ಹೋದ್ರೆ ಹೋಗ್ಲಿ ಕಣೇ, ಎಡಗೈ ಪಳಗಿಸ್ಕೊತೀನಿ. ಆ ಮಾತು ಮಾತ್ರ ಉರೀತಿದೆ. ನಾಳೆ ನನ್ನ ಮಗಳ ಮುಂದೆ ಯಾರಾದ್ರೂ ಅಂದ್ರೆ? ನಿಮ್ಮಮ್ಮ ಮೈಮರೆತು ಕೈ ಕೊಟ್ಟಳಂತೆ ಅಂತ?" ಆಮೇಲೆ ದನಿ ತಗ್ಗಿಸಿದಳು. "ಮೂರನೇ ರೋಲರಿಗೆ ಈಗ ಯಾರನ್ನ ನಿಲ್ಲಿಸಿದ್ದಾರೆ?"

"ಹೊಸಬಳು. ಗಾರ್ಡು ಇನ್ನೂ ಮೇಲೇ ಇದೆ."

ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಟಪಾಲಕ್ಕ ವರದಿಯ ಆ ಸಾಲನ್ನೇ ಮತ್ತೆ ಮನಸ್ಸಿನಲ್ಲಿ ಓದಿಕೊಂಡಳು. ನಿರ್ಲಕ್ಷ್ಯ ಎಂಬ ಪದ ಎಷ್ಟು ಅಗ್ಗ! ಬರೆಯುವವನ ಬೆರಳಿಗೆ ಒಂದಿಷ್ಟೂ ನೋವಾಗುವುದಿಲ್ಲ. ಗಂಟೆಗೆ ಇನ್ನೂರು ಹಾಸು ಬೇಕು ಅಂದವರು, ದಪ್ಪ ಅಂಚು ತಾಗಿದಾಗಲೆಲ್ಲ ಯಂತ್ರ ನಿಂತು ಹೊತ್ತು ಹಾಳಾಗುತ್ತದೆ ಅಂತ ಗಾರ್ಡನ್ನೇ ಎತ್ತಿ ಕಟ್ಟಿಸಿದವರು, ಹನ್ನೊಂದು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದವರು. ಅವರದು ಜಾಗರೂಕತೆ. ಬಗ್ಗಿ ನಿಂತು ಹಾಸು ತಳ್ಳಿದವಳದು ನಿರ್ಲಕ್ಷ್ಯ!

ಟಪಾಲಕ್ಕನಿಗೆ ಕಂಪ್ಯೂಟರು ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಒಂದು ಸಂಗತಿ ಗೊತ್ತಿತ್ತು: ಪಾರ್ಸೆಲು ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಕಳೆದಿದೆ ಎಂದು ಅರ್ಥವಲ್ಲ. ಹನ್ನೆರಡು ವರ್ಷದಲ್ಲಿ ಅವಳು ನೋಡಿದ ಕಳೆದ ಪಾರ್ಸೆಲುಗಳಲ್ಲಿ ಮುಕ್ಕಾಲು ಪಾಲು ಬೇರೆ ಗೂಡಿನಲ್ಲಿ ಸುಖವಾಗಿ ಕೂತಿದ್ದವು. ಒರೆಸುವ ಮುಂಚೆ ಇ-ಮೇಲಿನ ಇಡೀ ಫೋಲ್ಡರನ್ನು ಹೊರಗೆ ತೆಗೆದಿಟ್ಟುಕೊಂಡರೆ ಆಮೇಲೆ ನೋಡಿಕೊಳ್ಳಬಹುದು. ಅದಕ್ಕೆ ದೊಡ್ಡ ಪೆನ್‌ಡ್ರೈವ್ ಬೇಕು. ಇಡೀ ಲಾಂಡ್ರಿಯಲ್ಲಿ ಅಂಥದ್ದಿದ್ದದ್ದು ವ್ಯಾನು ಓಡಿಸುವ ಡ್ರೈವರಣ್ಣನ ಹತ್ತಿರ ಮಾತ್ರ. ಅದರ ತುಂಬ ಹಾಡು.

"ಎಲ್ಲ ಅಳಿಸ್ಬೇಕಾ?" ಶನಿವಾರ ಊಟದ ಹೊತ್ತಿನಲ್ಲಿ ಅವನು ಕೇಳಿದ. ಮುಖ ಹರಳೆಣ್ಣೆ ಕುಡಿದಂತಿತ್ತು.

"ಎಲ್ಲ."

"ಎರಡು ಬಿಡಕ್ಕಾ. ಎರಡೇ ಎರಡು. ಘಾಟ್ ಹತ್ತುವಾಗ ಹಾಕೋವು."

"ಘಾಟನ್ನ ಗೇರಲ್ಲಿ ಹತ್ತಪ್ಪ, ಹಾಡಲ್ಲಿ ಯಾಕೆ ಹತ್ತುತೀಯ? ನನ್ನ ಅತ್ತಿಗೆ ಮರ್ಯಾದೆ ಇದರಲ್ಲಿ ತುಂಬಬೇಕು."

ಅವನು ಜೇಬಿನಿಂದ ತೆಗೆದು ಕೊಟ್ಟ. ಕೊಟ್ಟ ಮೇಲೆ ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು, ಮ್ಯಾನೇಜರು ಬಂದರೆ ಕೆಮ್ಮುತ್ತೇನೆ ಎಂದು ನಿಂತ. ಫೋಲ್ಡರು ಎಷ್ಟು ನಕಲಾಯಿತೆಂದು ತೋರಿಸುವ ಹಸಿರು ಪಟ್ಟಿ ಪರದೆಯ ಮೇಲೆ ಬಸವನಹುಳುವಿನಂತೆ ತೆವಳಿತು. ಅರ್ಧ ಗಂಟೆಗೆ ಮುಗಿಯಿತು. ಡ್ರೈವರಣ್ಣ ಒಂದು ಸಲವೂ ಕೆಮ್ಮಲಿಲ್ಲ. ಆದರೆ ಟಪಾಲಕ್ಕ ಪ್ರತಿ ನಿಮಿಷವೂ ಕೆಮ್ಮು ಕೇಳಿಸಿಕೊಂಡಳು. ಅವತ್ತು ಸಾಯಂಕಾಲ ಕಂಪ್ಯೂಟರಿನವನು ಬಂದು ಎಲ್ಲವನ್ನೂ ಒರೆಸಿ ಹೋದ.

ಭಾನುವಾರ ಮೂರು ಗಂಟೆಗೆ ಟಪಾಲಕ್ಕ ಹೋಗುವ ಓದುಕೂಟ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಹದಿನಾಲ್ಕು ಹೆಂಗಸರು, ಎರಡು ಬೆಂಚು, ಒಂದು ಹಳೆಯ ಕಂಪ್ಯೂಟರು. ನಡೆಸುವವರು ನಿವೃತ್ತರಾದ ಟೀಚರ್. ಅಲ್ಲಿ ಕತೆ ಕವನವನ್ನಷ್ಟೇ ಓದುವುದಿಲ್ಲ. ಬದುಕಲ್ಲಿ ಯಾರಿಗೆ ಯಾವ ಕಾಗದ ಅಡ್ಡ ಬಂತೋ ಅದನ್ನು ತರುವುದು, ಎಲ್ಲರೂ ಕೂತು ಗಟ್ಟಿಯಾಗಿ ಓದುವುದು. ಮಾತ್ರೆಯ ಡಬ್ಬಿಯೊಳಗಿನ ಮಡಿಕೆ ಕಾಗದ ಓದಿದ್ದರು, ಒಬ್ಬಳ ಗಂಡ ಕಳಿಸಿದ ವಕೀಲರ ನೋಟೀಸು ಓದಿದ್ದರು. ಇಸ್ತ್ರಿ ರೋಲರಿನ ಕೈಪಿಡಿಯನ್ನೂ ಇಲ್ಲೇ ಓದಿದ್ದರು. ಗಾರ್ಡನ್ನು ಕಟ್ಟಿಡುವುದು ತಪ್ಪು ಎಂದು ಗೊತ್ತಾದದ್ದೇ ಅಲ್ಲಿ. ಕೂಟಕ್ಕೆ ಒಂದೇ ಕಟ್ಟಳೆ: ಸಾಲು ಹಾರಿಸುವಂತಿಲ್ಲ. ಅರ್ಥವಾಗದ ಪದ ಬಂದರೆ ಅಲ್ಲೇ ನಿಲ್ಲಬೇಕು, ಅದು ಬಗೆಹರಿಯುವ ತನಕ ಮುಂದಿನ ಪದಕ್ಕೆ ಕಾಲಿಡಬಾರದು.

ಅವತ್ತು ಓದಿಗೆ ಬಂದದ್ದು ಮೇಲ್ ಪ್ರೋಗ್ರಾಮಿನ ಸಹಾಯ ಪುಟಗಳು. ಟಪಾಲಕ್ಕ ಕೇಳಿದ್ದಕ್ಕೆ ಟೀಚರ್ ಮುದ್ರಿಸಿ ತಂದಿದ್ದರು, ಹದಿನೆಂಟು ಹಾಳೆ. ಅದೇ ಪ್ರೋಗ್ರಾಮನ್ನು ಕೂಟದ ಕಂಪ್ಯೂಟರಿಗೂ ಹಾಕಿ, ಪೆನ್‌ಡ್ರೈವಿನಲ್ಲಿದ್ದ ಫೋಲ್ಡರನ್ನು ಅದರ ಜಾಗದಲ್ಲಿಟ್ಟು ತೆರೆದರು. ಸೊನ್ನೆ. ಇಲ್ಲೂ ಸೊನ್ನೆ. ಟಪಾಲಕ್ಕ ಸೆರಗಿನಿಂದ ಕಣ್ಣೊರೆಸುತ್ತ ಎದ್ದಳು.

"ಕೂತ್ಕೋ," ಅಂದರು ಟೀಚರ್. "ಇನ್ನೂ ಓದೇ ಇಲ್ಲ, ಆಗಲೇ ಅಳು ಶುರು ಮಾಡಬೇಡ."

ಓದು ಶುರುವಾಯಿತು. ಮೊದಲ ಪುಟದಲ್ಲಿ ಆಕಳಿಕೆ, ಎರಡನೆಯದರಲ್ಲಿ ಒಬ್ಬಳ ಗೊರಕೆ. ನಾಲ್ಕನೇ ಹಾಳೆಯ ತಳದಲ್ಲಿ ಟೀಚರ್ ಒಂದು ಸಾಲು ಓದಿದರು: "ಪ್ರತಿ ಪೆಟ್ಟಿಗೆಗೂ ಎರಡು ಫೈಲು ಇರುತ್ತವೆ. ಒಂದರಲ್ಲಿ ಪತ್ರಗಳು, ಇನ್ನೊಂದರಲ್ಲಿ ಅವುಗಳ ಪಟ್ಟಿ. ಪರದೆಯ ಮೇಲೆ ಕಾಣುವುದು ಪಟ್ಟಿ ಮಾತ್ರ."

"ನಿಲ್ಲಿಸಿ," ಅಂದಳು ಮಡಿಕೆಯಜ್ಜಿ. ಮಡಿಸುವ ವಿಭಾಗದಲ್ಲಿ ಅವಳಷ್ಟು ಹಳಬರು ಯಾರೂ ಇಲ್ಲ. ಕಂಪ್ಯೂಟರನ್ನು ಮುಟ್ಟಿದವಳೇ ಅಲ್ಲ. "ನನಗೆ ಅರ್ಥ ಆಗ್ಲಿಲ್ಲ. ಪತ್ರ ಒಂದು ಕಡೆ, ಪಟ್ಟಿ ಒಂದು ಕಡೆ ಅಂದ್ರೆ ನಮ್ಮ ಮೂಟೆ, ಮೂಟೆ ಚೀಟಿ ಇದ್ದ ಹಾಗಾ?"

"ಹಾಗೇ ಅಜ್ಜಿ."

"ಹಾಗಾದ್ರೆ ಇದರಲ್ಲಿ ಅಳೋದೇನಿದೆ? ಮೂಟೆ ಚೀಟಿ ನೀರಿಗೆ ಬಿದ್ದು ಅಳಿಸಿಹೋದ್ರೆ ಒಳಗಿನ ಬಟ್ಟೆ ಎಲ್ಲಿಗೆ ಹೋಗುತ್ತೆ? ಗಂಟು ಬಿಚ್ಚು, ಒಂದೊಂದೇ ನೋಡು, ಹೊಸ ಚೀಟಿ ಬರಿ."

ಟಪಾಲಕ್ಕ ಎದ್ದು ಹೋಗಿ ಫೋಲ್ಡರು ತೆರೆದಳು. ಒಂದೇ ಹೆಸರಿನ ಫೈಲುಗಳು ಜೋಡಿ ಜೋಡಿಯಾಗಿ ಕೂತಿದ್ದವು: ಆನೆ ಗಾತ್ರದ್ದೊಂದು, ಪತ್ರಗಳದು; ಪಕ್ಕದಲ್ಲಿ ಹೆಸರಿಗೆ ಬಾಲವಿದ್ದ ಇಲಿಯೊಂದು, ಪಟ್ಟಿಯದು. ಆನೆ ಅಲ್ಲೇ ಇತ್ತು! ಆರು ವರ್ಷದಷ್ಟು ಭಾರವಾಗಿ, ಎಲ್ಲೂ ಹೋಗದೆ. ಜಾಗ ಸಾಲದೆ ಕೆಟ್ಟದ್ದು ಪಟ್ಟಿ. ಕೆಟ್ಟ ಪಟ್ಟಿಯನ್ನೂ ಜೊತೆಗೇ ಹೊತ್ತು ತಂದದ್ದಕ್ಕೆ ಇಲ್ಲೂ ಸೊನ್ನೆ ಕಂಡಿತ್ತು.

"ಮುಂದೆ ಓದಿ ಟೀಚರ್!"

"'ಮೊದಲು ಪ್ರೋಗ್ರಾಮನ್ನು ಮುಚ್ಚಿ. ಪಟ್ಟಿಯ ಫೈಲನ್ನು ಮಾತ್ರ ತೆಗೆಯಿರಿ. ಬೇರೆ ಏನನ್ನೂ ತೆಗೆಯಬೇಡಿ. ಮತ್ತೆ ತೆರೆದಾಗ ಪ್ರೋಗ್ರಾಮು ಪತ್ರಗಳನ್ನು ಓದಿ ಹೊಸ ಪಟ್ಟಿ ಕಟ್ಟುತ್ತದೆ.'"

ಮುಚ್ಚಿದಳು. ಪೆನ್‌ಡ್ರೈವಿನಲ್ಲಿ ಮೂಲ ಹಾಗೇ ಇದೆಯೇ ಎಂದು ಎರಡು ಸಲ ನೋಡಿಕೊಂಡಳು. 'ಹೋದದ್ದು' ಪೆಟ್ಟಿಗೆಯ ಇಲಿಯ ಮೇಲೆ ಬಾಣ ಇಟ್ಟಳು. ಹದಿಮೂರು ಹೆಂಗಸರು ಬೆನ್ನ ಹಿಂದೆ ಉಸಿರು ಹಿಡಿದರು.

"ಅಳಿಸಲೇ ಅಂತ ಕೇಳ್ತಿದೆ."

"ಯಾವುದು ಅಂತ ಗಟ್ಟಿಯಾಗಿ ಓದು. ಆಮೇಲೆ ಒತ್ತು," ಅಂದರು ಟೀಚರ್.

ಓದಿದಳು. ಒತ್ತಿದಳು. 'ಹೋದದ್ದು' ಪೆಟ್ಟಿಗೆಯನ್ನು ಮತ್ತೆ ತೆರೆದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಸಾಲು. ಹತ್ತು. ನಲವತ್ತು. ಮತ್ತೆ ಕಣ್ಣಿಗೆ ಸಿಗದಷ್ಟು ಬೇಗ, ಕೊಳಾಯಿಗೆ ನೀರು ಬಂದಂತೆ ಭರ್ರನೆ. ಆರು ವರ್ಷದ ಮೂಟೆಗಳು, ಹರಿದ ಹಾಸುಗಳು, ಕಳೆದ ದಿಂಬಿನ ಚೀಲಗಳು, ಅವುಗಳ ನಡುವೆ ಅವಳ ಹನ್ನೊಂದು. ಮ್ಯಾನೇಜರು ಇ-ಮೇಲಿನ ಒಡಲು ಓದುವುದಿಲ್ಲ ಎಂದು ಗೊತ್ತಿದ್ದರಿಂದ ಎಲ್ಲವನ್ನೂ ವಿಷಯದ ಸಾಲಿನಲ್ಲೇ ತುರುಕಿರುತ್ತಿದ್ದಳು: 'ಮೂರನೇ ರೋಲರಿನ ಗಾರ್ಡಿಗೆ ಕಟ್ಟಿದ ತಂತಿ ಬಿಚ್ಚಿಸಿ, ಕೈ ಹೋಗುತ್ತದೆ. ಏಳನೇ ಸಲ ಹೇಳುತ್ತಿದ್ದೇನೆ.'

ಒಬ್ಬಳು ಕೇಕೆ ಹಾಕಿದಳು. ಕೆಳಗಿನಿಂದ ಸೈಕಲ್ಲಿನವನು "ಏನಾಯ್ತು?" ಎಂದು ಕೂಗಿದ. "ಹುಟ್ಟಿತು!" ಎಂದು ಮಡಿಕೆಯಜ್ಜಿ ಕಿಟಕಿಯಿಂದ ಉತ್ತರ ಕೊಟ್ಟಳು.

ಟೀಚರ್ ಮಾತ್ರ ಕನ್ನಡಕ ಒರೆಸುತ್ತಿದ್ದರು. "ನೀನು ಕಳಿಸಿದ್ದು ಸಿಕ್ತು. ಅವರು ನನಗೆ ಬಂದೇ ಇಲ್ಲ ಅಂದ್ರೆ?"

ಆಗ ಟಪಾಲಕ್ಕ ನಕ್ಕಳು. ಒಂದು ವಾರದಲ್ಲಿ ಮೊದಲ ಸಲ. "ನಾನು ಚೀಟಿ ಇಲ್ದೆ ಕಾಗದ ಕಳಿಸೋಳಾ ಟೀಚರ್?"

ಕಳಿಸಿದ ಪ್ರತಿ ಮೇಲಿಗೂ ತಲುಪು ಚೀಟಿ ಕೇಳುವಂತೆ ಅವಳು ಮೊದಲ ದಿನವೇ ಹೊಂದಿಸಿಟ್ಟಿದ್ದಳು. ಮೇಲ್ ತೆರೆದಾಗ ಮ್ಯಾನೇಜರಿನ ಪರದೆಯ ಮೇಲೆ ಕಿಟಕಿಯೊಂದು ಬರುತ್ತಿತ್ತು: 'ಕಳಿಸಿದವರು ತಲುಪು ಚೀಟಿ ಕೇಳಿದ್ದಾರೆ. ಕಳಿಸಲೇ?' ಆಯ್ತಾಯ್ತು ಸಾಹೇಬರು ಯಾವ ಕಿಟಕಿ ಬಂದರೂ ನೊಣ ಹೊಡೆದಂತೆ 'ಹೌದು' ಒತ್ತುವವರು. ಬಂದ ಚೀಟಿಗಳೆಲ್ಲ ತಾವಾಗಿಯೇ 'ತಲುಪಿದವು' ಎಂಬ ಬೇರೆ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು. ಆ ಪೆಟ್ಟಿಗೆಯ ಇಲಿಯನ್ನೂ ತೆಗೆದರು. ಹನ್ನೊಂದೂ ಎದ್ದು ಬಂದವು. ದಿನ, ಗಂಟೆ, ನಿಮಿಷದ ಸಮೇತ, ಮ್ಯಾನೇಜರಿನ ವಿಳಾಸದಿಂದ.

ಮಂಗಳವಾರ ಹನ್ನೊಂದಕ್ಕೆ ತನಿಖೆಯ ಅಧಿಕಾರಿ ಬಂದರು. ಸಣ್ಣ ದನಿಯ ಹೆಂಗಸು. ಕೊಟ್ಟ ಕಾಫಿ ಆರುವ ತನಕ ಮುಟ್ಟಲಿಲ್ಲ. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಂದಿದ್ದ ಅತ್ತಿಗೆ, ಬೇಡವೆಂದರೂ ಕೇಳದೆ, ಕಟ್ಟಿದ ಕೈ ಎದೆಗಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಮ್ಯಾನೇಜರು ವರದಿ ಓದಿದರು. 'ಯಾವ ದೂರೂ ಬಂದಿಲ್ಲ' ಎಂಬಲ್ಲಿ ದನಿ ತುಸು ಎತ್ತರಿಸಿದರು.

ಟಪಾಲಕ್ಕ ಇಪ್ಪತ್ತೆರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಹನ್ನೊಂದು ಹೋದದ್ದು, ಹನ್ನೊಂದು ತಲುಪಿದ್ದು.

ಮ್ಯಾನೇಜರಿನ ಮುಖ ಇಂಗು ತಿಂದ ಮಂಗನದಾಯಿತು. "ಇದು... ಆ ಕಂಪ್ಯೂಟರ್ ಒರೆಸಾಗಿದೆ ಮೇಡಂ! ಮನೇಲಿ ಕೂತು ಟೈಪ್ ಮಾಡಿದ್ದಿರಬೇಕು. ಇಲ್ಲ ಕಂಪನಿ ಮೇಲ್ ಕದ್ದಿದ್ದಾಳೆ."

"ಯಾವುದು ಅಂತ ಹೇಳಿ," ಅಂದರು ಅಧಿಕಾರಿ. "ಟೈಪ್ ಮಾಡಿದ್ದಾದ್ರೆ ಕದ್ದಿಲ್ಲ. ಕದ್ದಿದ್ದಾದ್ರೆ ಇದು ನಿಮ್ಮದೇ ಮೇಲು."

ಮ್ಯಾನೇಜರು ಹಾಳೆಗಳನ್ನು ತಿರುವಿ ಹಾಕಿದರು.

"ಬಿಡಿ. ನಿಮ್ಮ ಕಂಪ್ಯೂಟರ್ ತೋರಿಸಿ. ಅದನ್ನ ಯಾರೂ ಒರೆಸಿಲ್ವಲ್ಲ?"

ಸಾಹೇಬರು ಎದೆಯುಬ್ಬಿಸಿಯೇ ತೋರಿಸಿದರು. ಬಂದ ಮೇಲುಗಳ ಪೆಟ್ಟಿಗೆಯನ್ನು ಅವರೇ ಗುಡಿಸಿ ಸಾರಿಸಿದ್ದರು. ಟಪಾಲಕ್ಕನ ಹೆಸರಿನ ಒಂದು ಕಾಗದವೂ ಇರಲಿಲ್ಲ. ಅಧಿಕಾರಿ ಪಕ್ಕದ ಪೆಟ್ಟಿಗೆಯ ಮೇಲೆ ಬೆರಳಿಟ್ಟರು.

"ಇದು?"

"ಅದು ನಾನು ಕಳಿಸಿದ್ದು ಮೇಡಂ. ಈ ವಿಷಯದಲ್ಲಿ ನಾನೇನೂ ಕಳಿಸೇ ಇಲ್ಲ."

"ತೆಗೀರಿ."

ತೆಗೆದರು. ತಾನು ಕಳಿಸುತ್ತಿದ್ದೇನೆ ಎಂದೇ ಗೊತ್ತಿಲ್ಲದವರು ಕಳಿಸಿದ್ದನ್ನು ಅಳಿಸುವುದಾದರೂ ಹೇಗೆ? ಹನ್ನೊಂದು ಚೀಟಿಗಳೂ ಅಲ್ಲಿದ್ದವು. ಅಧಿಕಾರಿ ಹಾಳೆಗಳನ್ನು ಪರದೆಯ ಪಕ್ಕ ಹಿಡಿದು ಒಂದೊಂದೇ ತಾಳೆ ನೋಡಿದರು. ದಿನ ಸರಿ. ನಿಮಿಷ ಸರಿ. ಹನ್ನೊಂದನೆಯದು ಅಪಘಾತದ ಹಿಂದಿನ ಶನಿವಾರದ್ದು.

"ಅದು ತಾನಾಗೇ ಹೋಗಿರುತ್ತೆ ಮೇಡಂ."

"ಇದು ತಾನಾಗೇ ಹೋಗಲ್ಲ, ಕೇಳುತ್ತೆ. ನೀವು ಹೌದು ಅಂದಿದ್ದೀರಿ. ಹನ್ನೊಂದು ಸಲ."

"ನಾನು ಓದ್ದೇ ಒತ್ತಿರ್ತೀನಿ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಬರ್ಕೊಳ್ಳಲಾ? ಓದ್ದೇ ಒತ್ತಿದೆ ಅಂತ? ಅದಕ್ಕೆ ನಿಮ್ಮ ವರದೀಲೇ ಒಂದು ಪದ ಇದೆಯಲ್ಲ. ನಿರ್ಲಕ್ಷ್ಯ."

ಬಾಗಿಲಾಚೆ ಯಾರೋ ಕಿಸಕ್ಕೆಂದರು. ಗಾಜಿಗೆ ಮುಖ ಒತ್ತಿಕೊಂಡು ಮಡಿಸುವ ವಿಭಾಗ ಪೂರ್ತಿ ನಿಂತಿತ್ತು. ಅಧಿಕಾರಿ ವರದಿಯ ಆ ಎರಡು ಸಾಲುಗಳ ಮೇಲೆ ಉದ್ದಕ್ಕೆ ಗೆರೆ ಎಳೆದು, ಅಂಚಿನಲ್ಲಿ ಸಹಿ ಮಾಡಿದರು. ಗಾರ್ಡು ಕೆಳಗಿಳಿಯುವ ತನಕ ಮೂರನೇ ರೋಲರು ತಿರುಗಕೂಡದು ಎಂದು ಅಲ್ಲೇ ಆದೇಶ ಬರೆದರು. ತಂತಿಯ ಫೋಟೋ ತೆಗೆಯಲು ಎದ್ದು ಒಳಗೆ ಹೋದರು. ಅವರ ಹಿಂದೆ ಹೆಂಗಸರು ದಾರಿ ಬಿಟ್ಟು, ದಾರಿ ತೋರಿಸಿ, ದಾರಿಯುದ್ದಕ್ಕೂ ಮಾತಾಡಿದರು. ಎಂಟು ತಿಂಗಳ ಮಾತು. ಟಪಾಲಕ್ಕ ಅಲ್ಲೇ ನಿಂತು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಗೆರೆ ಎಳೆದ ಆ ಹಾಳೆಯನ್ನೇ ನೋಡುತ್ತಿದ್ದಳು, ಮಗುವಿನ ಮುಖ ನೋಡುವಂತೆ.

ಕೋಣೆಯಲ್ಲಿ ಮೂವರೇ ಉಳಿದಾಗ ಮ್ಯಾನೇಜರು ಬೆವರು ಒರೆಸಿಕೊಂಡು ಹೊಸ ಹಾಳೆ ತೆಗೆದರು. ಸರಸರನೆ ನಾಲ್ಕು ಸಾಲು ಗೀಚಿದರು. ಅತ್ತಿಗೆಯ ಕಡೆ ತಿರುಗಿ ದನಿಗೆ ಬೆಣ್ಣೆ ಹಚ್ಚಿದರು.

"ನೋಡಮ್ಮಾ, ಆಗಿದ್ದು ಆಯ್ತು. ಒಂದೇ ಮನೆಯವರ ಹಾಗೆ ಇದ್ದೀವಿ. 'ಎರಡೂ ಕಡೆಯಿಂದ ಅಚಾತುರ್ಯ ಆಗಿದೆ' ಅಂತ ಬರೆದಿದ್ದೀನಿ, ಅಷ್ಟೇ. ನಿಂಗೂ ಕಷ್ಟ ಇಲ್ಲ, ನಮಗೂ ಇಲ್ಲ. ಮೇಡಂ ಬರೋ ಮುಂಚೆ ಎಡಗೈ ಹೆಬ್ಬೆಟ್ಟು ಒತ್ತಿಬಿಡು."

ಮಸಿಯ ಡಬ್ಬಿಯನ್ನು ಅವಳ ಮುಂದಕ್ಕೆ ತಳ್ಳಿದರು. ಟಪಾಲಕ್ಕ ಬಾಯಿ ತೆರೆದಳು. ಅತ್ತಿಗೆ ಅವಳ ಮೊಣಕೈ ಮುಟ್ಟಿ ತಡೆದಳು.

"ಎರಡೂ ಕಡೆ ಅಂದ್ರೆ," ಅತ್ತಿಗೆ ನಿಧಾನವಾಗಿ ಕೇಳಿದಳು, "ನಿಮ್ಮ ಕಡೆ ಎಷ್ಟು ಬೆರಳು ಹೋದವು ಸಾಹೇಬ್ರೇ?"

"ಅದೆಲ್ಲ ಮಾತು ಬೇಡ. ಒತ್ತು ಅಂದೆನಲ್ಲ, ಒತ್ತು."

ಅತ್ತಿಗೆ ಎಡಗೈ ಚಾಚಿ, ಮಸಿಯ ಡಬ್ಬಿಯ ಮುಚ್ಚಳ ಮುಚ್ಚಿದಳು.

"ಒತ್ತಲ್ಲ," ಅಂದಳು.